‘ಇಲ್ಲ’ ಅನ್ನಿಸಿಕೊಳ್ಳುವುದನ್ನು ಕಲಿಸುವ ಸಾಲಿ

ಪರದೇಶಕ್ಕೆ ಹೋಗಿ ಬಂದೆ ಅಂದರೆ ನಮ್ಮ ಶಾಲೆಯಲ್ಲಿ ಎಲ್ಲರೂ ನಗುತ್ತಾರೆ. ಕೊಲ್ಹಾಪುರ ಯಾವಾಗ ಪರದೇಶವಾಯಿತು ಎಂದು ಕೇಳುತ್ತಾರೆ. ತುಮಕೂರಿನಲ್ಲಿ ಹುಟ್ಟಿ, ತುಮಕೂರಿನಲ್ಲೇ ಓದಿ, ಅದೇ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುವ ನನ್ನಂಥವಳಿಗೆ, ಅಂಗಡಿಯ ಬೋರ್ಡನ್ನು ಓದಲು ಬಂದರೂ ಅರ್ಥವಾಗದ ಊರೆಲ್ಲ ಪರದೇಶವೇ. ಹಿಂದಿ ಪರೀಕ್ಷೆಗಳ ದಯದಿಂದ ಅಕ್ಷರಗಳು ಬರುತ್ತಿದ್ದವು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ, ಮುಗಿಸುವ ಹೊತ್ತಿಗೆ ಬಸ್ಸು ಆ ಅಂಗಡಿಯನ್ನೇ ದಾಟಿರುತ್ತಿತ್ತು.

ಕರೆದವಳು ಸುಶೀಲಾ. ಧಾರವಾಡದಲ್ಲಿ ಒಂದು ಬೇಸಿಗೆ ಉಪಾಧ್ಯಾಯರ ಶಿಬಿರ ನಡೆದಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಬೆಳಗಾವಿಯ ಹುಡುಗಿ, ಗಡಹಿಂಗ್ಲಜಕ್ಕೆ ಮದುವೆಯಾಗಿ ಹೋಗಿ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ತರಗತಿಗೆ ಪಾಠ ಹೇಳುತ್ತಿದ್ದಳು. “ಪರೀಕ್ಷಾ ಮುಗದ ಮ್ಯಾಲ ನಮ್ಮ ಸಾಲಿಯೊಳಗ ಒಂದು ಗಮ್ಮತ್ತು ಇರ್ತೈತಿ, ಬಂದು ನೋಡು” ಎಂದು ಹೇಳಿ ಕಳಿಸಿದ್ದಳು. ಮಹಾರಾಷ್ಟ್ರ ಬೇರೆ ರಾಜ್ಯವಾಗಿ ಬಹಳ ಕಾಲವಾಗಿರಲಿಲ್ಲ. “ಆ ಕಡೆ ಗಲಾಟೆ ಅಂತಾರಲ್ಲೇ” ಎಂದು ಅಮ್ಮ ಹೆದರಿದಳು. ಹೆದರಿದರೂ ಚಕ್ಕುಲಿ ಸುಟ್ಟು ಡಬ್ಬಿಗೆ ತುಂಬಿಕೊಟ್ಟಳು.

ಗಡಹಿಂಗ್ಲಜ

ಬೆಳಗಾವಿಯಲ್ಲಿ ರೈಲು ಇಳಿದು ಸಂಕೇಶ್ವರದ ಮೇಲೆ ಗಡಹಿಂಗ್ಲಜಕ್ಕೆ ಹೋಗುವ ಬಸ್ಸು ಹಿಡಿದೆ. ಗಡಿ ಎಲ್ಲಿ ಬರುತ್ತದೆ ಎಂದು ಕಿಟಕಿಗೆ ಮುಖವಿಟ್ಟು ಕಾಯುತ್ತಿದ್ದೆ. ಏನೂ ಬರಲಿಲ್ಲ. ಈ ಕಡೆಯೂ ಕಬ್ಬು, ಆ ಕಡೆಯೂ ಕಬ್ಬು. ಪಕ್ಕದಲ್ಲಿ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಜ್ಜಿಯನ್ನು “ಗಡಿ ಇನ್ನೂ ದೂರವೇ?” ಎಂದು ಕೇಳಿದೆ. “ಯಾವ ಗಡಿಗಿ?” ಎಂದಳು. ಮಣ್ಣಿನ ಗಡಿಗೆ ಕೊಳ್ಳಲು ಹೊರಟವಳೆಂದು ತಿಳಿದು, ಸಂಕೇಶ್ವರದಲ್ಲಿ ಒಳ್ಳೆಯ ಕುಂಬಾರರು ಎಲ್ಲಿದ್ದಾರೆಂದು ಉದ್ದಕ್ಕೂ ಹೇಳುತ್ತ ಬಂದಳು. ಅವಳು ಮಾತು ಮುಗಿಸುವಷ್ಟರಲ್ಲಿ ನಾನು ಮಹಾರಾಷ್ಟ್ರದಲ್ಲಿದ್ದೆ.

ಸುಶೀಲಾಳ ಮನೆಯಲ್ಲಿ ಮೊದಲ ಊಟಕ್ಕೇ ಪಾಠವಾಯಿತು. ಭಾಕರಿ, ಅಂದರೆ ಜೋಳದ ರೊಟ್ಟಿ, ಜೊತೆಗೆ ಬದನೆಕಾಯಿ ಪಲ್ಯ. ನಾನು ನಮ್ಮ ಕಡೆಯ ಅಭ್ಯಾಸದಂತೆ “ಸ್ವಲ್ಪ ಚಟ್ನಿ ಇದ್ದರೆ ಕೊಡಿ” ಎಂದೆ. ಅವಳ ಅತ್ತೆ ಸಂತೋಷದಿಂದ ಒಂದು ಚಮಚ ಕೆಂಪು ಪುಡಿಯನ್ನು ತಟ್ಟೆಗೆ ಹಾಕಿದರು. ತೆಂಗಿನಕಾಯಿ ಚಟ್ನಿಯ ಧ್ಯಾನದಲ್ಲಿದ್ದ ನಾನು ಅಷ್ಟನ್ನೂ ರೊಟ್ಟಿಗೆ ಹಚ್ಚಿ ಬಾಯಿಗಿಟ್ಟೆ. ಆಮೇಲೆ ಬೆಲ್ಲದ ಹೆಂಟೆ ಕಡಿಯುತ್ತ ಹಿತ್ತಲಲ್ಲಿ ಕೂತಿದ್ದೇ ನೆನಪು. ಆ ಊರಿನಲ್ಲಿ ಬೆಲ್ಲಕ್ಕೇನೂ ಕೊರತೆಯಿಲ್ಲ.

ಸಂಜೆ ಶಾಲೆಗೆ ಹೋದೆವು. ಅಂಗಳದ ಬೇವಿನ ಮರದ ಕೆಳಗೆ ಅಲ್ಲಲ್ಲಿ ಮೇಜು ಹಾಕಿ, ಮೇಜಿನ ಹಿಂದೆ ಊರಿನ ಜನ ಗತ್ತಿನಿಂದ ಕೂತಿದ್ದರು. ಬೆಲ್ಲದ ವ್ಯಾಪಾರಿ ಕರಿ ಕೋಟು ಹಾಕಿ ಬ್ಯಾಂಕಿನ ಮ್ಯಾನೇಜರ್ ಆಗಿದ್ದರು. ದವಾಖಾನೆಯ ಕಂಪೌಂಡರ್ ಗಿರಣಿಯ ಮಾಲಿಕ. ಊರಿನ ಪೋಸ್ಟ್‌ಮನ್ ರಾಮಭಾವು ಸರಕಾರಿ ಕಚೇರಿಯ ಜವಾನನಾಗಿ, ಇಲ್ಲದ ಬಾಗಿಲಿಗೆ ಅಡ್ಡಲಾಗಿ ಸ್ಟೂಲ್ ಹಾಕಿಕೊಂಡಿದ್ದ. ಪರೀಕ್ಷೆ ಬರೆದು ಮುಗಿಸಿದ ಮಕ್ಕಳು ಒಬ್ಬೊಬ್ಬರಾಗಿ ಇವರ ಮುಂದೆ ಹೋಗಿ ಕೆಲಸ ಕೇಳಬೇಕು. ಇವರು ‘ಇಲ್ಲ’ ಅನ್ನಬೇಕು.

“ಪಾಸಾಗೂದು ನಾವು ಕಲಿಸೇವಿ” ಎಂದಳು ಸುಶೀಲಾ. “ಆದ್ರ ಹೊರಗ ಹೋಗಿ ಬಾಗಲಾ ಬಡದಾಗ ಇಲ್ಲ ಅಂದ್ರ ಏನ್ ಮಾಡಬೇಕು ಅಂತ ಯಾವ ಪುಸ್ತಕದಾಗ ಐತಿ ಹೇಳು? ನಮ್ಮ ಹುಡುಗರು ಹಳ್ಳ್ಯಾಗಿಂದ ಬಂದಾವು. ಒಮ್ಮಿ ಇಲ್ಲ ಅಂದ್ರ ತಿರುಗಿ ಮನಿಗೆ ಬಂದು ಮೂಲ್ಯಾಗ ಕೂಡ್ತಾವು.”

ಅತ್ತರೆ ಸೋತಂತೆ. ಏನೂ ಕೇಳದೆ ಹಿಂದಿರುಗಿದರೂ ಸೋತಂತೆ. ಯಾಕಿಲ್ಲ ಎಂದು ಕೇಳಬೇಕು, ಮತ್ತೆ ಯಾವಾಗ ಬರಲಿ ಎಂದು ಕೇಳಬೇಕು. ಊರಿನ ಹಿರಿಯರಿಗೆ ಈ ಆಟ ಭಾರಿ ಹಿಡಿಸಿತ್ತು. ವರ್ಷವಿಡೀ ಗಿರಾಕಿಗಳಿಗೆ ಕೈಮುಗಿಯುವ ಬೆಲ್ಲದ ವ್ಯಾಪಾರಿ ಅಂದು ಯಾರನ್ನೂ ಕಣ್ಣೆತ್ತಿ ನೋಡಲಿಲ್ಲ. ಆದರೆ ಎಲ್ಲರನ್ನೂ ಮೀರಿಸಿದವನು ರಾಮಭಾವು. “ಸಾಹೇಬ ನಾಹೀತ!”, ಸಾಹೇಬರಿಲ್ಲ, ಎಂದು ಅವನು ಗದರಿದರೆ, ಒಳಗೆ ನಿಜಕ್ಕೂ ಒಬ್ಬ ಸಾಹೇಬನಿದ್ದಾನೆ ಎಂದು ನಾನೇ ನಂಬಿಬಿಟ್ಟೆ.

ಅವನ ಎದುರಿಗೆ ಒಬ್ಬಳು ಹುಡುಗಿ ಬಂದು ನಿಂತಳು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ದೊಡ್ಡ ದನಿ. ಹೆಸರು ಲಗಮವ್ವ. ಗಡಿಯಂಚಿನ ಹಳ್ಳಿಯ ಕುರುಬರ ಮಗಳು. ಊರಿನಲ್ಲಿ ಕನ್ನಡ ಸಾಲಿ ಮುಗಿಸಿ ಇಲ್ಲಿ ಬಂದು ಮರಾಠಿಯಲ್ಲಿ ಓದಿದವಳು. ನರ್ಸ್ ಆಗಬೇಕೆಂಬುದು ಅವಳ ಆಸೆ. ಮುಂದಿನ ವಾರವೇ ಕೊಲ್ಹಾಪುರದ ಒಂದು ದೊಡ್ಡ ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಸಂದರ್ಶನವಿತ್ತು. ರಾಮಭಾವು ಅವಳನ್ನು ಮೇಲಿಂದ ಕೆಳಗೆ ನೋಡಿ, “ಏನ ವಾಸನಿ! ಕುರಿ ಹೊರಗ ಕಟ್ಟಿ ಬಾ” ಎಂದ.

ಕಾಂಪೌಂಡಿನ ಆಚೆ ಕಂಬಳಿ ಹೊದ್ದು ಕೂತಿದ್ದ ಒಬ್ಬ ಮನುಷ್ಯ ಥಟ್ಟನೆ ಎದ್ದು ಗೋಡೆ ಹಾರಿ ಒಳಗೆ ಬಂದ. ಲಗಮವ್ವನ ಅಪ್ಪ ಸಿದ್ದಪ್ಪ. ಮಗಳನ್ನು ಊರಿಗೆ ಕರೆದೊಯ್ಯಲು ಬಂದವನಿಗೆ ಇದು ಆಟವೆಂದು ಯಾರೂ ಹೇಳಿರಲಿಲ್ಲ.

“ಏ, ಟಪಾಲದಾಂವ! ನನ್ನ ಮಗಳಿಗೆ ಏನಂದಿ? ಇನ್ನೊಮ್ಮಿ ಅನ್ನು ನೋಡೋಣ!”

ರಾಮಭಾವುವಿನ ಗತ್ತೆಲ್ಲ ಇಳಿದುಹೋಯಿತು. “ಇಲ್ಲೋ ಮಾರಾಯಾ, ಸಾಲಿಯವರು ಅನ್ನು ಅಂದಾರ, ಅದಕ್ಕ ಅಂದೇನಿ” ಎಂದು ಸ್ಟೂಲಿನ ಹಿಂದೆ ಸರಿದ. ಲಗಮವ್ವ ಅಪ್ಪನ ಕೈ ಹಿಡಿದು, “ಅಪ್ಪಾ, ಇದು ಸುಳ್ಳು ಸುಳ್ಳು ಬೈಯೂದು. ನೀ ಅಲ್ಲಿ ಹೋಗಿ ಕೂಡು, ನಂದಿನ್ನೂ ಮುಗದಿಲ್ಲ” ಎಂದಳು. ಸಿದ್ದಪ್ಪ ಹೋಗಿ ಕೂತ. ಆದರೆ ರಾಮಭಾವುವಿನ ಮೇಲಿಂದ ಕಣ್ಣು ಕೀಳಲಿಲ್ಲ. ಆಮೇಲೆ ರಾಮಭಾವು ಯಾರನ್ನೂ ಜೋರಾಗಿ ಗದರಲಿಲ್ಲ.

ಕೊನೆಗೆ ನನ್ನನ್ನೂ ಒಂದು ಮೇಜಿನ ಹಿಂದೆ ಕೂರಿಸಿದರು. ನಾನು ಯಾವುದೋ ಟ್ರೇನಿಂಗ್ ಸ್ಕೂಲಿನ ಮುಖ್ಯಸ್ಥೆ. ಲಗಮವ್ವ ಬಂದು ಸೀಟು ಕೇಳಿದಳು. ಆ ಮುಖ ನೋಡಿ ಇಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ. “ನೋಡೋಣಮ್ಮ, ಆಮೇಲೆ ನೋಡೋಣ” ಎಂದೆ. ಅವಳು ಖುಷಿಯಿಂದ ನನ್ನ ಕಾಲು ಮುಟ್ಟಿ ನಮಸ್ಕರಿಸಿ ಸುಶೀಲಾಳ ಬಳಿ ಓಡಿ, “ಆತ್ರಿ ಬಾಯಿ, ನೋಡ್ತಾರಂತ!” ಎಂದಳು. ಅಲ್ಲಿ ಉಪಾಧ್ಯಾಯಿನಿಗೆ ಮರಾಠಿಯಂತೆ ಬಾಯಿ ಎಂದೇ ಕರೆಯುವುದು.

ನಾನು ಹೋಗಿ ತಿಳಿಸಿಹೇಳಬೇಕಾಯಿತು. ನಮ್ಮ ಮೈಸೂರು ಸೀಮೆಯಲ್ಲಿ ‘ನೋಡೋಣ’ ಅಂದರೆ ಆಗುವುದಿಲ್ಲ ಎಂದೇ ಅರ್ಥ, ಮುಖದ ಮೇಲೆ ಹೊಡೆದ ಹಾಗೆ ಹೇಳಬಾರದೆಂದು ಹಾಗೆ ಅನ್ನುತ್ತೇವೆ ಎಂದೆ. ಲಗಮವ್ವ ಕೇಳಿದಳು:

“ಹಂಗಾದ್ರ ಖರೇನ ನೋಡೂದಿದ್ದಾಗ ಏನಂತೀರಿ?”



ಇಚಲಕರಂಜಿ

ಸಂದರ್ಶನಕ್ಕೆ ಲಗಮವ್ವನ ಜೊತೆ ಸುಶೀಲಾ ಹೋಗುವುದು, ಅಲ್ಲಿಂದ ನಾನು ಊರಿನ ರೈಲು ಹಿಡಿಯುವುದು ಎಂದಾಯಿತು. ಮೊದಲು ಇಚಲಕರಂಜಿಯಲ್ಲಿ ಲಗಮವ್ವನ ಅಣ್ಣ ಭರಮಪ್ಪನ ಮನೆಯಲ್ಲಿ ಒಂದು ದಿನ ಇರಬೇಕಿತ್ತು. ಸಿದ್ದಪ್ಪ ಬಸ್ ಸ್ಟ್ಯಾಂಡಿಗೆ ಬಂದು ಮಗಳ ತಲೆ ಸವರಿ, ಸುಶೀಲಾಳಿಗೆ ಹೇಳಿದ: “ಬಾಯಾರ, ಇದೊಂದ ಸಲ ಕಳಸ್ತೇನ್ರಿ. ಆಗಲಿಲ್ಲಂದ್ರ ಅಣ್ಣನ ಮನ್ಯಾಗ ಕಾಂಡಿ ಸುತ್ತಲಿ. ನಾವು ಕುರಿ ಹಿಂದ ತಿರಗೂ ಮಂದಿ, ಆಕಿನ್ನ ಊರೂರಿಗೆ ಕರ್ಕೊಂಡ ಅಡ್ಡಾಡಾಕ ಆಗೂದಿಲ್ಲ.” ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಇಚಲಕರಂಜಿಯ ಹೆಂಗಸರಿಗೆ ಮನೆಮನೆಯಲ್ಲಿ ಅದೇ ಕೆಲಸ.

ಬಸ್ಸು ಮಹಾರಾಷ್ಟ್ರದಿಂದ ಹೊರಟು ನಿಪ್ಪಾಣಿಯಲ್ಲಿ ನಮ್ಮ ರಾಜ್ಯವನ್ನು ಹೊಕ್ಕು, ನಾನು ಸಂತೋಷಪಡುವಷ್ಟರಲ್ಲಿ ಮತ್ತೆ ಆಚೆ ಬಿತ್ತು. ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಕನ್ನಡದ ಬೋರ್ಡು ಕಂಡು ಗೆಳತಿಯನ್ನು ಕಂಡಷ್ಟು ಖುಷಿಯಾಗಿ ಇಳಿದು ಕಾಫಿ ಕೇಳಿದೆ. ಚಹಾ ಸಿಕ್ಕಿತು.

ಇಚಲಕರಂಜಿ ಕಣ್ಣಿಗಿಂತ ಮೊದಲು ಕಿವಿಗೆ ಬಂತು. ಖಟಕ್ ಖಟಕ್ ಎಂಬ ಸದ್ದು ಊರಿನ ನೆಲದಿಂದಲೇ ಏಳುವಂತಿತ್ತು. ಭರಮಪ್ಪನ ಮನೆ ಒಂದು ಮಗ್ಗದ ಶೆಡ್ಡಿನ ಬೆನ್ನಿಗೆ ಅಂಟಿದ ಒಂದೇ ಕೋಣೆ. ಗೋಡೆಗೆ ಕೈಯಿಟ್ಟರೆ ನಡುಕ ತಿಳಿಯುತ್ತಿತ್ತು. ಅವನ ಕೂಸು ತೊಟ್ಟಿಲಲ್ಲಿ ಹಾಯಾಗಿ ಮಲಗಿತ್ತು. ನಾನು ಪಿಸುಮಾತಿನಲ್ಲಿ ಮಾತಾಡತೊಡಗಿದೆ. ಅವನ ಹೆಂಡತಿ ನಕ್ಕು, “ಜೋರ ಮಾತಾಡ್ರಿ ಅಕ್ಕಾರ, ಅದು ಏಳೂದಿಲ್ಲ” ಎಂದಳು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕೂಸು ಬೆಚ್ಚಿ ಎದ್ದು ಅಳಲು ಶುರು ಮಾಡಿತು. ಅಕ್ಕಪಕ್ಕದ ಕೋಣೆಗಳಲ್ಲೂ ಮಕ್ಕಳ ಅಳು ಎದ್ದಿತು. ಆ ಊರಿನ ಮಕ್ಕಳಿಗೆ ನಿಶ್ಶಬ್ದವೇ ಹೆದರಿಕೆ.

ಗಂಡಸರೆಲ್ಲ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಕಾಗವಾಡ, ಅಥಣಿ, ಚಿಕ್ಕೋಡಿ ಕಡೆಯಿಂದ ಬಂದವರು ಬಹಳ. ಒಂದು ಮಾತನ್ನು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು. ಭರಮಪ್ಪನೂ ಬಂದ. ಕೂದಲಿಗೆ ಹತ್ತಿಯ ಎಳೆ ಅಂಟಿತ್ತು. ಮಗ್ಗದ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದ ದನಿ, ಕಟ್ಟೆಯ ಮೇಲೆ ಪಕ್ಕದಲ್ಲೇ ಕೂತಿದ್ದರೂ ಹೊಲದ ಆಚೆಯಿಂದ ಕೂಗಿದ ಹಾಗೆ ಮಾತಾಡುತ್ತಿದ್ದ. ಸುಶೀಲಾಳನ್ನು ಕಂಡು ಎದ್ದು ನಿಂತ. ಅವನೂ ಅವಳ ವಿದ್ಯಾರ್ಥಿಯೇ. ಶಾಲೆಯ ಆ ಸಂಜೆಯ ಆಟ ಶುರುವಾದದ್ದು ಅವನಿಂದಲೇ ಎಂದು ನನಗೆ ಗೊತ್ತಾದದ್ದು ಆಗ.

“ಮ್ಯಾಟ್ರಿಕ್ ಪಾಸಾದ ಮ್ಯಾಲ ಒಂದ ಕಚೇರ್ಯಾಗ ಕೆಲಸ ಕೇಳಾಕ ಹೋದ್ನಿರಿ” ಎಂದ ಭರಮಪ್ಪ. “ಉದ್ಯಾ ಯಾ, ಅಂದ್ರ ನಾಳಿ ಬಾ ಅಂದ್ರು. ನಾಳಿ ಅಂದ್ರ ನಾಳಿನ ಅಲ್ಲೇನ್ರಿ? ಮರುದಿನ ಹೋದೆ. ಮತ್ತ ಉದ್ಯಾ ಯಾ ಅಂದ್ರು. ಮತ್ತ ಹೋದೆ. ಹಿಂಗ ದಿನಾ ಹೋದ್ನಿ. ಒಂದಿನ ನನ್ನ ನೋಡಿ ಅಲ್ಲಿದ್ದ ಮಂದಿ ಎಲ್ಲಾ ನಗಾಕ ಹತ್ತಿದ್ರು. ನಾನೂ ನಕ್ಕೆ. ನನ್ನ ನೋಡೇ ನಗಾಕತ್ತಾರ ಅಂತ ಆಮ್ಯಾಲ ತಿಳೀತ್ರಿ.”

ಊರಿಗೆ ಹೋಗಲು ಮುಖವಿಲ್ಲದೆ ಅವನು ಸೀದಾ ಇಚಲಕರಂಜಿಗೆ ಬಂದು ಮಗ್ಗಕ್ಕೆ ಸೇರಿದ್ದ. ಎಲ್ಲಿ ಹೋದನೆಂದು ಮನೆಯವರಿಗೂ ತಿಳಿದಿರಲಿಲ್ಲ. ಸುಶೀಲಾ ಕೇಳುತ್ತ ಕೇಳುತ್ತ ಶೆಡ್ಡಿನಿಂದ ಶೆಡ್ಡಿಗೆ ಅಲೆದು ಹುಡುಕಿದ್ದಳಂತೆ.

“ಹುಡುಗ ಜಾಣ ಇದ್ದ” ಎಂದಳು ಸುಶೀಲಾ. “ಯಾರ ಏನ್ ಹೇಳಿದ್ರೂ ಖರೆ ಅಂತ ನಂಬಾಂವ. ಅದೇ ನಮ್ಮ ತಪ್ಪು ಅನ್ನಿಸ್ತು ನನಗ, ಲೆಕ್ಕಾ ಕಲಿಸಿದ್ವಿ, ಭೂಗೋಲ ಕಲಿಸಿದ್ವಿ, ಇಲ್ಲ ಅನ್ನೂದನ್ನ ತಿಳಕೊಳ್ಳೂದು ಕಲಿಸಲಿಲ್ಲ.”

“ಈಗ ಚೊಲೋ ಅದೇನ್ರಿ ಬಾಯಾರ” ಎಂದು ಭರಮಪ್ಪ ಕೂಗಿದ. ತಂಗಿಯ ಕಡೆ ತಿರುಗಿ, “ನೀ ಇಲ್ಲೇ ಬಂದ್ರೂ ನನಗ ಸಂತೋಷನ. ಆದ್ರ ಮನಸ್ಸು ಅತ್ತಾಗ ಇಟ್ಕೊಂಡು ಇಲ್ಲಿ ಕಾಂಡಿ ಸುತ್ತಬ್ಯಾಡ, ನೂಲು ಹರೀತೈತಿ” ಎಂದ. ಕರೆಂಟು ಬಂತು. ಅವನು ಮಾತು ನಿಲ್ಲಿಸಿ ಒಳಗೆ ಓಡಿದ. ಸದ್ದು ಶುರುವಾಗಿ ಕೂಸು ನಿದ್ದೆಹೋಯಿತು.

ಕೊಲ್ಹಾಪುರ

ಕೊಲ್ಹಾಪುರದಲ್ಲಿ ಮೊದಲು ಮಹಾಲಕ್ಷ್ಮಿಗೆ ಕೈಮುಗಿದೆವು. ಸುಶೀಲಾ ಲಗಮವ್ವನಿಗೆ ದಾರಿಯುದ್ದಕ್ಕೂ ಪಾಠ ಹೇಳುತ್ತಿದ್ದಳು. ಗದರಿದರೆ ಹೆದರಬೇಡ, ಕಣ್ಣು ಕೆಳಗೆ ಹಾಕಬೇಡ. ಟಾಂಗಾದವನೂ ಹಿಂದಿರುಗಿ ನೋಡಿ ಮರಾಠಿಯಲ್ಲಿ ಏನೋ ಧೈರ್ಯ ಹೇಳಿದ.

ದವಾಖಾನೆಯ ವರಾಂಡದಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಬಾಗಿಲ ಬಳಿಯ ಜವಾನ ಮುದುಕ, ಯಾರನ್ನೂ ತಡೆಯದೆ “ಯೇ ಪೋರಿ, ಯೇ” ಎಂದು ಮೊಮ್ಮಗಳನ್ನು ಕರೆಯುವ ಹಾಗೆ ಕರೆಯುತ್ತಿದ್ದ. ರಾಮಭಾವುವಿನ ಗದರಿಕೆಗೆ ತಯಾರಾಗಿ ಬಂದ ಲಗಮವ್ವ ಅಲ್ಲಿಗೇ ಸ್ವಲ್ಪ ತಬ್ಬಿಬ್ಬಾದಳು. ಅವಳ ಸರದಿ ಬಂದು ಒಳಗೆ ಹೋದಳು.

ಹೊರಗೆ ಬಂದಾಗ ಮುಖ ಅರಳಿತ್ತು. “ಕೆಲಸ ಆತ್ರಿ ಬಾಯಿ! ಮೇಟ್ರನ್ ಬಾಯಾರು ಭಾಳ ಚೊಲೋ ಅದಾರ. ಕುರಿ ಎಷ್ಟ ಅದಾವು ಅಂತ ಕೇಳಿದ್ರು. ಚಹಾ ಕೊಟ್ರು. ಬೆನ್ನ ಮ್ಯಾಲ ಕೈ ಆಡಿಸಿದ್ರು. ಕಡೀಕ ಕಳವೂ ಅಂದ್ರು.”

“ಕಳವು? ಏನು ಕಳವಾಯ್ತು? ನಿನ್ನ ಮೇಲೆ ಹೇಳಿದರೇನೆ?” ಎಂದು ಅವಳ ತೋಳು ಹಿಡಿದುಕೊಂಡೆ. ವರಾಂಡದಲ್ಲಿ ಎಲ್ಲರೂ ನಮ್ಮತ್ತ ತಿರುಗಿದರು. ಲಗಮವ್ವ ನಗುತ್ತ, “ಅಲ್ರಿ, ಮರಾಠ್ಯಾಗ ಕಳವೂ ಅಂದ್ರ ತಿಳಸ್ತೇವಿ ಅಂತ” ಎಂದಳು. ನನಗೂ ನಗು ಬಂತು. ನಗುತ್ತ ಸುಶೀಲಾಳ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಆಗ ನನಗೂ ಹೊಳೆಯಿತು. ಅದು ನಮ್ಮ ಕಡೆಯ ‘ನೋಡೋಣ’.

ಲಗಮವ್ವ ನೀರು ಕುಡಿಯಲು ನಲ್ಲಿಯ ಬಳಿ ಹೋದಾಗ ಸುಶೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಬೈಯೂದನ್ನೆಲ್ಲಾ ತಡಕೊಳ್ಳಾಕ ಕಲಿಸಿದ್ನೆಲ್ಲ ಪದ್ಮಾ, ಪ್ರೀತಿಲೆ ಇಲ್ಲ ಅಂತಾರ ಅಂತ ನನಗ ಹೊಳೀಲಿಲ್ಲ. ಈಗ ಆಕಿಗೆ ಹೆಂಗ ಹೇಳಲಿ?”

“ಊರಿಗೆ ಹೋದ ಮೇಲೆ ಹೇಳು. ಇವತ್ತೊಂದು ದಿನ ಸಂತೋಷವಾಗಿರಲಿ” ಎಂದೆ.

“ಆಕಿ ಅಣ್ಣಾನೂ ಹಂಗ ಸಂತೋಷಲೆ ಇದ್ದ” ಎಂದಳು.

ಹೇಳುವ ಪ್ರಸಂಗವೇ ಬರಲಿಲ್ಲ. ಲಗಮವ್ವ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, “ಬಾಯಿ, ಒಂದ ಮರತೇನ್ರಿ” ಎಂದಳು. “ನಾ ಸಾಲಿ ವಿಳಾಸ ಕೊಟ್ಟೇನಿ. ಸಾಲಿ ಸೂಟಿ ಐತಿ. ಅವರು ಕಾಗದ ಹಾಕಿದ್ರ ಅಲ್ಲಿ ಯಾರ ತಗೋತಾರ? ಅಣ್ಣನ ವಿಳಾಸ ಕೊಟ್ಟ ಬರ್ತೇನಿ.” ಸುಶೀಲಾ ಬಾಯಿ ತೆರೆಯುವ ಮೊದಲೇ ಹುಡುಗಿ ಮುದುಕ ಜವಾನನಿಗೆ ಏನೋ ಹೇಳಿ ಒಳಗೆ ಹೋಗಿಬಿಟ್ಟಳು.

ನಾವಿಬ್ಬರೂ ಬಾಗಿಲನ್ನೇ ನೋಡುತ್ತ ನಿಂತೆವು. ಈ ಸಲ ಬಹಳ ಹೊತ್ತಾಯಿತು. ಹೊರಗೆ ಬಂದ ಲಗಮವ್ವ ಸೀದಾ ನಮ್ಮತ್ತ ಬರದೆ ಕಂಬವನ್ನು ಹಿಡಿದುಕೊಂಡು ನಿಂತಳು. ನಾವೇ ಹತ್ತಿರ ಹೋದೆವು.

“ಕಾಗದ ಬರೂದಿಲ್ಲಂತ್ರಿ” ಎಂದಳು.

ಅವಳು ಅಣ್ಣನ ವಿಳಾಸವನ್ನು ನಿಧಾನವಾಗಿ, ತಪ್ಪಿಲ್ಲದ ಹಾಗೆ ಹೇಳಿದಳಂತೆ. ಬರೆದುಕೊಳ್ಳಲು ಪೆನ್ನು ಎತ್ತಿದ ಮೇಟ್ರನ್ ಅರ್ಧಕ್ಕೆ ನಿಲ್ಲಿಸಿ, ಪೆನ್ನನ್ನು ಕೆಳಗಿಟ್ಟು, ಅವಳನ್ನು ಕೂರಲು ಹೇಳಿದರಂತೆ. ಈ ವರ್ಷ ಆಗುವುದಿಲ್ಲ, ವಯಸ್ಸು ಕೆಲವು ತಿಂಗಳು ಕಡಿಮೆ ಬೀಳುತ್ತದೆ, ನಿಯಮ ಮೀರಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದರಂತೆ.

“ಹಂಗಾದ್ರ ಚಹಾ ಯಾಕ ಕೊಟ್ರಿ ಅಂತ ಕೇಳಿದ್ನಿರಿ.”

“ಅಯ್ಯೋ! ಅದಕ್ಕವರು ಏನಂದರು?” ಎಂದೆ.

“ಮಕ್ಕಳ ವಾರ್ಡಿನಾಗ ಆಯಾ ಕೆಲಸ ಖಾಲಿ ಐತಿ, ಬೇಕಾದ್ರ ಬಾ ಅಂದ್ರು.”

“ನೀ ಏನಂದಿ?” ಎಂದಳು ಸುಶೀಲಾ.

ಲಗಮವ್ವನ ಕಣ್ಣಿನಲ್ಲಿ ನೀರು ನಿಂತಿತ್ತು. ಆದರೂ ತುಟಿಯ ಒಂದು ಕೊನೆ ಮೇಲೆದ್ದಿತು. “ಮೀ ಕಳವತೆ ಅಂದೆ.”

ನಾನು ತಿಳಿಸುತ್ತೇನೆ! ಆ ದೊಡ್ಡ ದವಾಖಾನೆಯ ಮೇಟ್ರನ್‌ಗೆ ಕುರುಬರ ಹುಡುಗಿ ಹಾಗೆಂದು ಎದ್ದು ಬಂದಿದ್ದಳು. ಸುಶೀಲಾ ಅವಳನ್ನು ತಬ್ಬಿಕೊಂಡಳು. ಮೂವರೂ ವರಾಂಡದಲ್ಲಿ ನಿಂತು ಅಳುವುದೋ ನಗುವುದೋ ತಿಳಿಯದ ಹಾಗೆ ಮಾಡುತ್ತಿದ್ದುದನ್ನು ಕಂಡು ಮುದುಕ ಜವಾನ ಒಂದು ಬೆಂಚು ಎಳೆದು ತಂದು ಹಾಕಿದ.

ರಂಕಾಳ

ಸಂಜೆ ರಂಕಾಳ ಕೆರೆಯ ದಂಡೆಗೆ ಹೋದೆವು. ಇಡೀ ಊರೇ ಅಲ್ಲಿ ಗಾಳಿಗೆ ಬಂದಿತ್ತು. ನಮ್ಮ ಕಡೆ ಕೆರೆಯೆಂದರೆ ಬಟ್ಟೆ ಒಗೆಯುವುದು, ದನ ತೊಳೆಯುವುದು. ಕೊಲ್ಹಾಪುರದವರು ಸುಮ್ಮನೆ ಕೂತು ನೀರು ನೋಡಲೆಂದೇ ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಾರೆ. ಭಡಂಗ ಎಂಬ ಖಾರದ ಮಂಡಕ್ಕಿ ಕೊಂಡೆವು. ಚಟ್ನಿಯ ಪ್ರಸಂಗ ನೆನೆದು ನಾನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಆಯಾ ಕೆಲಸ ಸುಶೀಲಾಳಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. “ಮ್ಯಾಟ್ರಿಕ್ ಓದಿದ ಹುಡಿಗಿ ಹೊಲಸ ಬಳೀಬೇಕೇನ? ಆ ಮೇಟ್ರನ್‌ಗೆ ಹಂಗ ಅನ್ನಾಕ ಮನಸರ ಹೆಂಗ ಬಂತು?”

ನನಗೆ ಹಾಗನ್ನಿಸಲಿಲ್ಲ. ಒಳಗೆ ಕಾಲಿಟ್ಟರೆ ಮುಂದಿನ ವರ್ಷ ಸುಲಭವಾದೀತು, ಕೈಗೆ ಬಂದದ್ದನ್ನು ಬಿಡಬಾರದು ಎಂದೆ. ನಾವಿಬ್ಬರೂ ಅವಳ ತಲೆಯ ಮೇಲೆ ವಾದ ಮಾಡತೊಡಗಿದೆವು. ಲಗಮವ್ವ ಭಡಂಗದೊಳಗಿನ ಶೇಂಗಾ ಹೆಕ್ಕಿ ತಿನ್ನುತ್ತಿದ್ದಳು.

“ಹೊಲಸಿಗೆ ನಾ ಹೆದರೂದಿಲ್ರಿ” ಎಂದಳು ಆಮೇಲೆ. “ಕುರಿ ಈಯುವಾಗ ಮರಿ ಅಡ್ಡ ಬಂದ್ರ ನಾನ ಕೈ ಹಾಕಿ ತಗದೇನಿ. ಅದಲ್ರಿ. ಒಂದ ವರ್ಷ ಎಲ್ಲಾರೂ ನನ್ನ ಆಯಾ, ಆಯಾ ಅಂತ ಕರದ್ರ, ನಾ ಯಾತಕ್ಕ ಬಂದಿದ್ದೆ ಅನ್ನೂದು ಅವರಿಗೂ ಮರೀತೈತಿ, ನನಗೂ ಮರೀತೈತಿ.”

“ಹಾಗಾದರೆ ಏನು ಮಾಡ್ತೀಯಮ್ಮ?”

“ಅಣ್ಣನ ಮನ್ಯಾಗ ಕಾಂಡಿ ಸುತ್ತತೇನಿ. ಅಲ್ಲಿ ಯಾರೂ ನನ್ನ ಕಾಂಡ್ಯಾಕಿ ಅನ್ನೂದಿಲ್ಲ, ಭರಮಪ್ಪನ ತಂಗಿ ಅಂತಾರ. ವಯಸ್ಸಾದ ಮ್ಯಾಲ ಮತ್ತ ಬರ್ತೇನಿ.”

“ನಿಮ್ಮಪ್ಪ ಇದೊಂದ ಸಲ ಅಂದಾನಲ್ಲ” ಎಂದಳು ಸುಶೀಲಾ.

“ಅಪ್ಪಗ ನಾ ಹೇಳ್ತೇನ್ರಿ. ರಾಮಭಾವುನಷ್ಟ ಏನ್ ಜೋರಿಲ್ಲ ಅಂವಾ.”

ನಾನು ಬೇರೆ ಏನೇನೋ ಹೇಳಲು ನೋಡಿದೆ. ಒಂದು ವರ್ಷ ದೊಡ್ಡದು, ಮನೆಯಲ್ಲಿ ಮದುವೆಯ ಮಾತು ಬಂದೀತು, ಮನಸ್ಸು ಬದಲಾದೀತು. ಆದರೆ ಅವಳು ಆಗಲೇ ತೀರ್ಮಾನಿಸಿ ಮುಗಿಸಿದ್ದಳು. ಅಂದು ಸುಶೀಲಾಳ ಸಂಬಂಧಿಕರ ಹಳೆಯ ವಾಡೆಯಲ್ಲಿ ಉಳಿದೆವು. ಮನೆಯವರು ಬಲವಂತ ಮಾಡಿ ಬಡಿಸಿದರು. ಲಗಮವ್ವ ನಮ್ಮಿಬ್ಬರಿಗಿಂತ ಚೆನ್ನಾಗಿ ಊಟ ಮಾಡಿದಳು.

ಮತ್ತೆ ದವಾಖಾನೆ, ಆಮೇಲೆ ಸ್ಟೇಶನ್

ಬೆಳಿಗ್ಗೆ ಎದ್ದವಳೇ ದವಾಖಾನೆಗೆ ಹೋಗಬೇಕೆಂದಳು. ಬೇಡವೆಂದು ನಿರ್ಧರಿಸಿದ ಮೇಲೆ ಯಾಕೆ ಎಂದು ನಾನು ಕೇಳಿದೆ. “ತಿಳಸ್ತೇನಿ ಅಂದೇನೆಲ್ರಿ” ಎಂದಳು, ಇದೇನು ಕೇಳುವ ಮಾತೇ ಎಂಬಂತೆ.

ಈ ಸಲ ನಮ್ಮನ್ನೂ ಒಳಗೆ ಬಿಟ್ಟರು. ಮೇಟ್ರನ್ ನಡುವಯಸ್ಸಿನವರು, ನರೆತ ಕೂದಲು, ದಣಿದ ಕಣ್ಣು. ಹುಡುಗಿ ಆಯಾ ಕೆಲಸಕ್ಕೆ ಒಪ್ಪಿ ಬಂದಳೆಂದೇ ಅವರು ತಿಳಿದರು. ಲಗಮವ್ವ ಕೈಮುಗಿದು, ಮರಾಠಿಯಲ್ಲಿ, ತಡವರಿಸದೆ ಹೇಳಿದಳು. ಸುಶೀಲಾ ನನಗೆ ಕಿವಿಯಲ್ಲಿ ತಿಳಿಸುತ್ತಿದ್ದಳು. ಆ ಕೆಲಸಕ್ಕೆ ನನ್ನ ದಾರಿ ಕಾಯಬೇಡಿ, ಬೇರೆ ಯಾರಿಗಾದರೂ ಕೊಡಿ. ನಾನು ನರ್ಸ್ ಕಲಿಯಲಿಕ್ಕೆ ಬರುತ್ತೇನೆ. ಯಾವ ತಿಂಗಳು ಬರಬೇಕು?

ಮೇಟ್ರನ್ ಅವಳನ್ನು ನೋಡಿದರು. ನಮ್ಮನ್ನು ನೋಡಿದರು. ಹಾಗೆ ಹೇಳಿಹೋಗಲು ಯಾರೂ ಈ ಕೋಣೆಗೆ ತಿರುಗಿ ಬಂದಿರಲಿಲ್ಲವೆಂದು ಕಾಣುತ್ತದೆ. “ಜೂನ್” ಎಂದರು. “ಪುಢಚ್ಯಾ ವರ್ಷೀ, ಜೂನ್. ಲವಕರ ಯೇ.” ಮುಂದಿನ ವರ್ಷ ಬೇಗ ಬಾ ಎಂದು.

“ಯೇತೆ” ಎಂದಳು ಲಗಮವ್ವ. ಬರುತ್ತೇನೆ. ಅಷ್ಟೇ ಮಾತು. ಈ ಸಲ ಯಾರೂ ಚಹಾ ತರಿಸಲಿಲ್ಲ.

ಸ್ಟೇಶನ್ನಿಗೆ ಇಬ್ಬರೂ ನನ್ನನ್ನು ಕಳಿಸಲು ಬಂದರು. ಲಗಮವ್ವ ಅಲ್ಲಿಂದಲೇ ಇಚಲಕರಂಜಿಯ ಬಸ್ಸು ಹಿಡಿಯುವವಳಿದ್ದಳು. ನನಗೆ ಅವಳ ಮೇಲೆ ಸ್ವಲ್ಪ ಸಿಟ್ಟೂ ಇತ್ತು, ಬಾಗಿಲು ತೆರೆದಿದ್ದಾಗ ಹೊರಗೆ ಬಂದಳಲ್ಲ ಎಂದು. ಮಿರಜ್‌ವರೆಗೂ ಅದೇ ಯೋಚನೆ. ನಮ್ಮ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿದ ಹುಡುಗಿಯರಿಗೆ ನಾವು ಗುಂಪಿನ ಫೋಟೋ ತೆಗೆಸಿ, ಮೈಸೂರುಪಾಕು ಹಂಚಿ, ಒಳ್ಳೆಯದಾಗಲಿ ಎಂದು ಕಳಿಸಿಬಿಡುತ್ತೇವೆ. ಆಮೇಲೆ ಅವರು ಯಾರ ಬಾಗಿಲಲ್ಲಿ ನಿಂತರು, ಯಾರು ಏನೆಂದರು ಎಂದು ನಾನು ಒಬ್ಬಳನ್ನೂ ಕೇಳಿರಲಿಲ್ಲ.

ಅದಾದ ಮೇಲೆ ಒಂದು ವರ್ಷ ಕಳೆದು, ದಸರಾ ರಜೆಯಲ್ಲಿ ಸುಶೀಲಾ ತುಮಕೂರಿಗೆ ಬಂದಳು. ಕಾಫಿ ಲೋಟ ಕೈಗೆ ಕೊಡುವ ಮೊದಲೇ ನಾನು ಲಗಮವ್ವನ ವಿಷಯ ಕೇಳಿದೆ.

ವರ್ಷವಿಡೀ ಅಣ್ಣನ ಮನೆಯಲ್ಲಿ ಕಾಂಡಿ ಸುತ್ತಿದ್ದಳಂತೆ. ನಡುವೆ ಸಿದ್ದಪ್ಪ ಎರಡು ಸಲ ಬಂದು ಗಂಡಿನ ಮಾತೆತ್ತಿದನಂತೆ. ಜೂನ್‌ನಲ್ಲಿ ನನಗೆ ಕೆಲಸವಿದೆ ಎಂದು ಅವಳು ಎರಡು ಸಲವೂ ಅವನನ್ನು ತಿರುಗಿ ಕಳಿಸಿದಳಂತೆ. ಜೂನ್ ಹುಟ್ಟುತ್ತಲೇ ಒಬ್ಬಳೇ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದಳು. ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಹಳೆಯ ಮೇಟ್ರನ್‌ಗೆ ಚಳಿಗಾಲದಲ್ಲೇ ವರ್ಗವಾಗಿತ್ತು.

“ಆಕಿ ಎದಿ ಒಡದ ಹೋತಂತ” ಎಂದಳು ಸುಶೀಲಾ. “ಯಾರ ಮಾತ ನಂಬಿ ವರ್ಷ ಕಾದಿದ್ಲೋ ಆ ಬಾಯೇ ಇಲ್ಲ. ಆದರೂ ಕೈಮುಗದು ತನ್ನ ಹೆಸರು ಹೇಳಿದಳಂತ, ಗಡಹಿಂಗ್ಲಜ ಸಾಲಿ ಅಂತ ಹೇಳಿದಳಂತ.”

“ಹೊಸಬರು ಏನಂದರು?”

ಹೊಸ ಮೇಟ್ರನ್ ತಲೆಯೆತ್ತಿ ನೋಡಿದರಂತೆ. ಹಳೆಯವರು ಹೋಗುವ ದಿನ ಕೀಲಿಕೈಗಳನ್ನೆಲ್ಲ ಒಪ್ಪಿಸಿದ ಮೇಲೆ, ಮರೆಯದೆ ಒಂದು ಮಾತು ಹೇಳಿ ಹೋಗಿದ್ದರು: ಜೂನ್‌ನಲ್ಲಿ ಒಬ್ಬ ಕುರುಬರ ಹುಡುಗಿ ಬರುತ್ತಾಳೆ, ಬಂದೇ ಬರುತ್ತಾಳೆ. ಹೊಸಬರಿಗೆ ಅದರಲ್ಲಿ ನಂಬಿಕೆಯಿರಲಿಲ್ಲವೋ ಏನೋ. ಬಾಗಿಲಲ್ಲಿ ನಿಂತ ಲಗಮವ್ವನ ಬಳಿ ಎದ್ದು ಬಂದು ಕೇಳಿದರಂತೆ:

“ಆಲೀಸ ಕಾ?”

ಬಂದೆಯಾ?